ಮಾವನವರ ಕಪ್ಪು-ಬಿಳುಪು ಫ್ಲೆಕ್ಸು

ನಾನು ಬೈಲಹೊಂಗಲದಲ್ಲಿ ಡ್ರಾಯಿಂಗ್ ಮಾಸ್ತರ. ಬೇಸಿಗೆ ರಜೆಯಲ್ಲಿ ಕಂಪ್ಯೂಟರಿನ ಮೇಲೆ ಒಂದು ಹೊಸ ಕಲೆಯನ್ನು ಒಲಿಸಿಕೊಂಡೆ. ಹಳೆಯ ಪತ್ತೇದಾರಿ ಸಿನಿಮಾಗಳ ಕಪ್ಪು-ಬಿಳುಪು ಶೈಲಿ. ಕಂಪ್ಯೂಟರಿನೊಳಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಕೋಟು-ಹ್ಯಾಟು ತೊಡಿಸಿ, ಒಂದೇ ಕಡೆಯಿಂದ ಬೆಳಕು ಬಿಡಬೇಕು. ರೆಂಡರ್ ಗುಂಡಿ ಒತ್ತಿದರೆ ಯಂತ್ರ ಅರ್ಧ ದಿನ ಏದುಸಿರು ಬಿಟ್ಟು ಚಿತ್ರ ಹೆರುತ್ತದೆ. ಅರ್ಧ ಮುಖ ಕತ್ತಲಲ್ಲೇ ಇರುವುದರಿಂದ ಹೋಲಿಕೆಯ ಚಿಂತೆಯೂ ಅರ್ಧ. ನನಗೆ ಹೇಳಿ ಮಾಡಿಸಿದ ಶೈಲಿ.

ಮನೋಳಿಯಲ್ಲಿ ನನ್ನ ಮಾವನವರ ಟೇಲರ್ ಅಂಗಡಿ ಇದೆ. ಕಣ್ಣಿಗೆ ಪೊರೆ ಬಂದು, ಅಂಗಡಿ ಮುಚ್ಚಿ, ಬೆಳಗಾವಿಯ ಆಸ್ಪತ್ರೆ ಸೇರಿದ್ದರು. ಮದುವೆ ಸೀಜನ್ನಿಗೆ ಅಂಗಡಿ ತೆರೆಯದಿದ್ದರೆ ಗಿರಾಕಿಗಳೆಲ್ಲ ಕೈಬಿಟ್ಟು ಹೋಗುತ್ತಾರೆಂದು ಅವರಿಗೆ ಒಂದೇ ಚಡಪಡಿಕೆ.

ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದ ನನ್ನ ಹೆಂಡತಿ ಫೋನ್ ಮಾಡಿದಳು. “ಅಪ್ಪಾರು ವಾಪಸ್ ಬರಾಕತ್ತಾರ ಅಂತ ಅಂಗಡಿ ಮುಂದ ಒಂದು ಫ್ಲೆಕ್ಸ್ ಹಾಕಸ್ರಿ. ಎಲ್ಲಾರೂ ಹಾಕಸೂಹಂಗ ಹಾಕಸ್ರಿ, ಸಾಕು.”

ಎಲ್ಲರೂ ಹಾಕಿಸುವುದು ಗೊತ್ತೇ ಇದೆ. ಗುಲಾಬಿ ಹಿನ್ನೆಲೆ, ಶಾಲು ಹೊದ್ದ ಫೋಟೋ, ಕೆಳಗೆ ಸಾಲಾಗಿ ಶುಭ ಕೋರುವವರ ದುಂಡು ಮುಖಗಳು. ಕಲಾವಿದನ ಮಾವನಿಗೂ ಅದೇನಾ? ನಾನು ಅವರನ್ನು ಹ್ಯಾಟು ಹಾಕಿಸಿ ಬೀದಿದೀಪದ ಕೆಳಗೆ ನಿಲ್ಲಿಸಿದೆ. ಸುತ್ತ ಕತ್ತಲು, ಹಿಂದೆ ಹೊಗೆ, ಕೆಳಗೆ ಹೆಸರು ಮಾತ್ರ. ಮಾತು ಹೆಚ್ಚಾದರೆ ಕಲೆ ಕೆಡುತ್ತದೆ.

ಫ್ಲೆಕ್ಸ್ ಅಂಗಡಿಯವನು ಚಿತ್ರ ನೋಡಿ ಗಂಭೀರನಾದ. ಚಹಾ ತರಿಸಿದ. “ಮನಸು ಗಟ್ಟಿ ಮಾಡ್ಕೋರಿ ಸರ” ಎಂದ. ಹೊಸ ಕಲೆಗೆ ಧೈರ್ಯ ಬೇಕು ಎನ್ನುತ್ತಿದ್ದಾನೆಂದು ತಿಳಿದು ನಾನು ಹೆಮ್ಮೆಯಿಂದ ತಲೆಯಾಡಿಸಿದೆ.

ಸಂಜೆ ಫ್ಲೆಕ್ಸ್ ಕಟ್ಟಿಸಿ, ಮರುದಿನ ಕಾರು ಮಾಡಿಕೊಂಡು ಹೋಗಿ ಮಾವನವರನ್ನೂ ಹೆಂಡತಿಯನ್ನೂ ಕರೆತಂದೆ. ಅಂಗಡಿ ಮುಂದೆ ಜನವೋ ಜನ. ಇಷ್ಟೊಂದು ಕಲಾಭಿಮಾನಿಗಳಾ ಎಂದು ನನ್ನ ಎದೆ ಉಬ್ಬಿತು. ಆಮೇಲೆ ಫ್ಲೆಕ್ಸಿಗೆ ಹಾಕಿದ್ದ ಹೂವಿನ ಮಾಲೆ ಕಂಡಿತು. ಅದರಡಿ ಮಾವನವರ ಅಕ್ಕ, ಕಟಕೋಳದ ಅತ್ತೆ, ಎದೆ ಬಡಿದುಕೊಂಡು ಅಳುತ್ತಿದ್ದರು. ಗಿರಾಕಿಗಳು ಅಂಗಡಿಯ ಬಾಗಿಲು ತೆಗೆಸಿ, ಹೊಲಿಯಲು ಕೊಟ್ಟಿದ್ದ ತಮ್ಮ ಬಟ್ಟೆಗಳನ್ನು ಹುಡುಕಿಕೊಂಡು ಒಯ್ಯುತ್ತಿದ್ದರು!

ನಮ್ಮ ಕಡೆ ಬಣ್ಣವಿಲ್ಲದ ಫ್ಲೆಕ್ಸು ಕಟ್ಟುವುದು ಒಂದೇ ಕಾರಣಕ್ಕೆ. ಅದು ಶಾಲೆಯ ಮಕ್ಕಳಿಗೂ ಗೊತ್ತು. ಅವರಿಗೆ ಡ್ರಾಯಿಂಗ್ ಕಲಿಸುವವನಿಗೆ ಗೊತ್ತಾಗಲಿಲ್ಲ.

ಮಾವನವರು ಕರಿಕನ್ನಡಕದಲ್ಲೇ ಕಾರಿನಿಂದ ಇಳಿದರು. ಮಸುಕಾಗಿ ಕಪ್ಪು-ಬಿಳುಪು ಮತ್ತು ಮಾಲೆ ಕಂಡಿರಬೇಕು. ಚಪ್ಪಲಿ ಬಿಟ್ಟು, ತಮ್ಮದೇ ಚಿತ್ರಕ್ಕೆ ಭಕ್ತಿಯಿಂದ ಕೈ ಮುಗಿದರು.

“ಪಾಪ, ಯಾರು ಹೋದ್ರು?”

ಅತ್ತೆಯ ಅಳು ಅರ್ಧಕ್ಕೇ ನಿಂತಿತು. ನನ್ನ ಹೆಂಡತಿ ಹೆಸರು ಓದಿದಳು, ನನ್ನತ್ತ ತಿರುಗಿದಳು. “ಅಪ್ಪಾ, ನೀವ ಹೋಗೀರಿ. ನಿಮ್ಮ ಅಳಿಯಾರು ಕಳಿಸ್ಯಾರ.”

ನಾನು ಕಾರಿನಿಂದ ಇಳಿಯಲೇ ಇಲ್ಲ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. ಕಣ್ಣು ಪಡೆದು ಬಂದ ಹಿರಿಯರು ಬಾಗಿಲಲ್ಲಿ ನಿಂತು, “ಅದೀನ್ರೀ, ನಾ ಜೀವಂತ ಅದೀನಿ, ಬಟ್ಟಿ ಒಯ್ಯಬ್ಯಾಡ್ರಿ” ಎಂದು ಗಿರಾಕಿಗಳನ್ನು ಬೇಡಿಕೊಳ್ಳುತ್ತಿದ್ದರು. ಆ ದನಿ ಕಾರಿನ ಗಾಜು ಏರಿಸಿದರೂ ಕೇಳುತ್ತಿತ್ತು.

ಗಿರಾಕಿಗಳನ್ನು ಮರಳಿ ಕರೆಯಲು ಮಾವನವರೇ ಎರಡನೆಯ ಫ್ಲೆಕ್ಸ್ ಮಾಡಿಸಿದರು. ಗುಲಾಬಿ ಹಿನ್ನೆಲೆ, ಶಾಲು, ನಗುಮುಖ. ಕೆಳಗೆ ಶುಭ ಕೋರುವವರ ಸಾಲಿನಲ್ಲಿ ನನಗೂ ಜಾಗ ಕೊಟ್ಟಿದ್ದರು. ಕ್ಷಮಿಸಿದರೆಂದು ಕಣ್ತುಂಬಿ ಹತ್ತಿರ ಹೋಗಿ ನೋಡಿದೆ. ಎಲ್ಲರೂ ಬಣ್ಣದಲ್ಲಿದ್ದರು. ನಾನೊಬ್ಬನೇ ಕಪ್ಪು-ಬಿಳುಪು.

“ಅಳಿಯಾರಿಗೆ ಹಂಗ ಚಂದ ಕಾಣ್ತೈತಲ್ಲ, ಅದಕ್ಕ” ಎಂದರು ಮಾವನವರು, ಸೂಜಿಗೆ ದಾರ ಪೋಣಿಸುತ್ತ.

ಮರುದಿನ ಕಟಕೋಳದಿಂದ ಹೆಂಡತಿಗೆ ಫೋನ್ ಬಂತು. ಫ್ಲೆಕ್ಸಿನ ಫೋಟೋ ಅತ್ತೆಯ ಮೊಬೈಲಿಗೆ ಮುಟ್ಟಿತ್ತು.

“ನಿನ್ನ ಗಂಡಂದು ಈ ಸಲ ಖರೇನ ಏನವ್ವಾ? ಮಾಲಿ ತಗೋಳೂ ಮೊದಲ ಕೇಳೂಣು ಅಂತ ಫೋನ್ ಹಚ್ಚಿದೆ.”

ಹೆಂಡತಿ ಚಾದರ ಹೊದ್ದು ಮಲಗಿದ್ದ ನನ್ನ ಕಡೆ ನೋಡಿದಳು.

“ಇಲ್ಲ ಅತ್ತಿ, ಅದಾರ. ಮುಖ ತೋರಸವಲ್ಲರು, ಅಷ್ಟ.”