ದೊಡ್ಡವ್ವನ ಕೋಳಿಗೆ ನಾನು ಕಟ್ಟಿದ ಪಟ್ಟಿ

ನಮ್ಮ ದೊಡ್ಡವ್ವ ಇದುವರೆಗೆ ಯಾರನ್ನೂ ಆರಾಮ ಇದ್ದೀರೇನು ಎಂದು ಕೇಳಿದವಳಲ್ಲ. ಆರಾಮ ಇರುವವರ ಬಗ್ಗೆ ಆಕೆಗೆ ಆಸಕ್ತಿಯೇ ಇಲ್ಲ! ಮನೆಗೆ ಯಾರೇ ಬರಲಿ, ಆಕೆಯ ಕಣ್ಣು ಮೊದಲು ಅವರ ಹಿಮ್ಮಡಿಗೆ, ಆಮೇಲೆ ಮೊಣಕೈಗೆ, ಕೊನೆಗೆ ಉಗುರಿಗೆ ಹೋಗುತ್ತದೆ. ಎಲ್ಲೂ ಕೀವು ಕಾಣದಿದ್ದರೆ ಪಾಪ, ಮುಖ ಸಪ್ಪೆ ಮಾಡಿಕೊಂಡು ಚಹಾ ಇಡಲು ಒಳಗೆ ಹೋಗುತ್ತಾಳೆ.

ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ತಾಲ್ಲೂಕಿನ ದವಾಖಾನೆಯೊಂದರಲ್ಲಿ ಮೂವತ್ತು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದವಳು. ಈಗ ನಿವೃತ್ತಳಾಗಿ ದೇವದುರ್ಗದಲ್ಲಿ ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿದ್ದಾಳೆ. ಜನರ ಹೆಸರು ಮರೆತಿದ್ದಾಳೆ, ಗಾಯ ಮರೆತಿಲ್ಲ. ನನ್ನ ಮದುವೆಗೆ ಮಾನ್ವಿಯಿಂದ ಬೀಗರ ಕಡೆಯ ಹಿರಿಯರೊಬ್ಬರು ಜರಿ ರುಮಾಲು ಸುತ್ತಿಕೊಂಡು ಬಂದು ಮೊದಲ ಸಾಲಿನಲ್ಲಿ ಗತ್ತಿನಿಂದ ಕುಳಿತಿದ್ದರು. ಇವಳು ನೇರ ಹೋಗಿ, ಕುಂಡಿಯ ಮೇಲಿನ ಆ ಕುರು ಮತ್ತೆ ಎದ್ದಿತೇ ಎಂದು ನಾಲ್ಕು ಜನರ ಮುಂದೆ ವಿಚಾರಿಸಿದಳು. ಅವರು ಊಟವನ್ನೂ ಮಾಡದೆ ಎದ್ದು ಹೋದರು. ದೊಡ್ಡವ್ವ ನನ್ನ ಕಿವಿಯ ಹತ್ತಿರ ಬಂದು, "ನಡಿಗಿ ನೋಡಿದಿ? ಮತ್ತ ಎದ್ದದ" ಎಂದಳು.

ಇಂಥವಳಿಗೆ ನಿವೃತ್ತಿಯ ಮೇಲೆ ಉಳಿದ ಒಂದೇ ಪೇಷಂಟು ಎಂದರೆ ಆಕೆಯ ಮುದಿ ಕೋಳಿ. ಅದು ಮೊಟ್ಟೆ ಇಡುವುದನ್ನು ಬಿಟ್ಟು ಯಾವ ಕಾಲವಾಯಿತೋ! ನಮ್ಮ ಓಣಿಯಲ್ಲಿ ಮೊಟ್ಟೆ ನಿಲ್ಲಿಸಿದ ಕೋಳಿಗೆ ಮುಂದಿನ ಭಾನುವಾರದವರೆಗೆ ಮಾತ್ರ ಆಯುಷ್ಯ. ದೊಡ್ಡವ್ವನ ಹಿತ್ತಲಿನಲ್ಲಿ ಮಾತ್ರ ಅದು ಪಿಂಚಣಿ ಪಡೆದವರ ಹಾಗೆ ಬಿಸಿಲು ಕಾಯುತ್ತ ಕೂತಿರುತ್ತಿತ್ತು. ಉಳಿದ ಆರು ಹರೆಯದ ಕೋಳಿಗಳು ಅದರ ಮುಂದಿನ ಕಾಳನ್ನು ಕಸಿದುಕೊಂಡು ಹೋದರೂ ಸುಮ್ಮನಿರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಒಂದು ಬೆಕ್ಕು ಅದರ ಬೆನ್ನಿಗೆ ಬಾಯಿ ಹಾಕಿತು. ಪುಕ್ಕದ ಕೆಳಗಿನ ಗಾಯ ಎರಡು ದಿನ ಯಾರಿಗೂ ಕಾಣಲಿಲ್ಲ. ನೊಣಗಳಿಗೆ ಕಂಡಿತ್ತು. ಮೂರನೆಯ ದಿನ ದೊಡ್ಡವ್ವ ಪುಕ್ಕ ಸರಿಸಿದರೆ ಒಳಗೆ ಬಿಳಿ ಹುಳಗಳು ಮಿಜಿಗುಡುತ್ತಿವೆ! ರೆಕ್ಕೆಯ ಬುಡದಲ್ಲಿ ಹೇನು ಬೇರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಪರಾವಲಂಬಿ ಜೀವಿಗಳ ಪಾಠವನ್ನು ಚಿತ್ರ ಬರೆದು, ಬಾಣ ಹಾಕಿ, ವರ್ಷಾವರ್ಷ ಮಾಡಿದ್ದೇನೆ. ಜೀವಂತವಾಗಿ ನೋಡಿದ್ದು ಅದೇ ಮೊದಲು. ನೋಡಿ ಏನು ಮಾಡಿದೆ ಎನ್ನುತ್ತೀರಿ? ಬಚ್ಚಲಿಗೆ ಓಡಿ ಬೆಳಗಿನ ಉಪ್ಪಿಟ್ಟನ್ನೆಲ್ಲ ಕಕ್ಕಿಕೊಂಡೆ.

ದೊಡ್ಡವ್ವನಿಗೆ ಮಾತ್ರ ಹತ್ತು ವರ್ಷ ವಯಸ್ಸು ಇಳಿದಂತಾಯಿತು. ಕೋಳಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಬೆಚ್ಚನೆಯ ಉಪ್ಪುನೀರಿನಿಂದ ತೊಳೆದು, ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಗಾಯಕ್ಕೆ ಬಿಟ್ಟಳು. ಹುಳಗಳು ಉಸಿರು ಕಟ್ಟಿ ಮೇಲೆ ಬಂದ ಹಾಗೆಲ್ಲ ಚಿಮಟದಿಂದ ಒಂದೊಂದನ್ನೇ ತೆಗೆದಳು. ಹೇನಿಗೆ ಸೀತಾಫಲದ ಬೀಜದ ಪುಡಿ. ಅದು ಕಣ್ಣಿಗೆ ಬಿದ್ದರೆ ಕುರುಡು ಎಂದು ಕೋಳಿಯ ಕಣ್ಣಿಗೊಂದು ಬಟ್ಟೆ. ಕೊನೆಗೆ ದೊಡ್ಡಪ್ಪನ ಹಳೆಯ ಧೋತರ ಹರಿದು ರೆಕ್ಕೆಯ ಕೆಳಗಿನಿಂದ ಸುತ್ತಿ ಪಟ್ಟಿ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅವರ ಧೋತರಗಳನ್ನು ಆಕೆ ಯಾರಿಗೂ ಕೊಟ್ಟಿರಲಿಲ್ಲ.

ಇಷ್ಟೇ ಆಗಿದ್ದರೆ ನಗುತ್ತ ಮುಗಿಸಬಹುದಿತ್ತು. ಆದರೆ ಊರಿನವರ ಗಾಯವನ್ನೆಲ್ಲ ಹುಡುಕಿ ಬೈಯುತ್ತಿದ್ದ ಈ ಮಹಾತಾಯಿ ತನ್ನ ಎಡಗಾಲಿನ ಹುಣ್ಣನ್ನು ಸೀರೆಯ ನಿರಿಗೆಯಲ್ಲಿ ಮುಚ್ಚಿಟ್ಟುಕೊಂಡಿದ್ದಳು! ಆಕೆಗೆ ಸಕ್ಕರೆ ಕಾಯಿಲೆ. ನನ್ನ ಹೆಂಡತಿ ವಾಸನೆ ಹಿಡಿದು ನೋಡುವಷ್ಟರಲ್ಲಿ ಹೆಬ್ಬೆರಳು ಕಪ್ಪಾಗಿತ್ತು. ರಾಯಚೂರಿಗೆ ಕರೆದೊಯ್ದೆವು. ಈ ವಾರದಲ್ಲೇ ಬೆರಳು ತೆಗೆಯಬೇಕು, ತಡವಾದರೆ ಕಾಲೇ ಹೋಗುತ್ತದೆ, ಜೀವಕ್ಕೂ ಭರವಸೆ ಇಲ್ಲ ಎಂದರು ಡಾಕ್ಟರು. ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡು, ಮನೆಯಲ್ಲಿ ನನ್ನ ಪೇಷಂಟು ಇದೆ, ಅದು ಗುಣವಾದ ಮೇಲೆ ನೋಡೋಣ ಎಂದು ಚಪ್ಪಲಿ ಹಾಕಿಕೊಂಡಳು.

ಬೇಡಿಕೊಂಡೆವು, ಬೈದೆವು, ಹೆಂಡತಿ ಅತ್ತಳು. ಕೊನೆಗೆ ದೊಡ್ಡವ್ವ ಒಂದು ಷರತ್ತು ಹಾಕಿದಳು: "ನಿನಗ ಪಟ್ಟಿ ಕಟ್ಟಾಕ ಬಂದ್ರ ನಾ ಹೋಗ್ತೀನಿ. ಇಲ್ಲಂದ್ರ ಇಲ್ಲ."

ಹೀಗೆ ಇಪ್ಪತ್ತು ವರ್ಷ ಪರೀಕ್ಷೆ ಮಾಡಿಸಿದ ನಾನು ಪರೀಕ್ಷೆಗೆ ಕುಳಿತೆ. ಮೊದಲ ದಿನ ಕಟ್ಟಿದ ಪಟ್ಟಿ ಕೋಳಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಜಾರಿ ಕಾಲಿಗೆ ಸಿಕ್ಕಿಕೊಂಡಿತು. ನಪಾಸು. ಎರಡನೆಯ ದಿನ ಎಷ್ಟು ಬಿಗಿದೆನೆಂದರೆ ಕೋಳಿ ಬಾಯಿ ತೆರೆದು ತೇಕತೊಡಗಿತು. ಮತ್ತೆ ನಪಾಸು! ಮೂರನೆಯ ದಿನ ಮೂಗಿಗೆ ಟವೆಲ್ ಕಟ್ಟಿಕೊಂಡು, ಕೊನೆಯ ಎರಡು ಹುಳ ತೆಗೆದು, ತೊಳೆದು ಕಟ್ಟಿದೆ. ದೊಡ್ಡವ್ವ ಗಂಟಿನೊಳಗೆ ಬೆರಳು ತೂರಿಸಿ ನೋಡಿ, ನಡೆಯುತ್ತದೆ ಎಂಬಂತೆ ಗೋಣು ಆಡಿಸಿದಳು. ಅವತ್ತೇ ಹೆಂಡತಿ ಆಕೆಯನ್ನು ಬಸ್ಸಿಗೆ ಹತ್ತಿಸಿಕೊಂಡು ರಾಯಚೂರಿಗೆ ಹೋದಳು.

ಮನೆಯಲ್ಲಿ ಉಳಿದವರು ನಾನು ಮತ್ತು ಕೋಳಿ. ಎರಡು ದಿನ ಸರಿಯಾಗಿಯೇ ನಡೆಯಿತು. ಮೂರನೆಯ ಬೆಳಿಗ್ಗೆ ನೋಡಿದರೆ ಧೋತರದ ಪಟ್ಟಿಗಳೆಲ್ಲ ಮಣ್ಣಾಗಿವೆ, ಒಂದನ್ನೂ ನಾನು ಒಗೆದಿಲ್ಲ. ಶಾಲೆಗೆ ಹೊತ್ತಾಗುತ್ತಿತ್ತು. ದೊಡ್ಡವ್ವನ ಟ್ರಂಕಿನಲ್ಲಿ, ದೊಡ್ಡಪ್ಪ ಇದ್ದಾಗ ಉಡಿ ತುಂಬುವಾಗ ಬಂದ ಜಂಪರ್ ಪೀಸುಗಳ ಗಂಟೇ ಇತ್ತು. ನಮ್ಮ ಕಡೆ ಆ ಪೀಸುಗಳಿಂದ ಯಾರೂ ರವಿಕೆ ಹೊಲಿಸುವುದಿಲ್ಲ. ಈ ಮನೆಯ ಉಡಿಯಿಂದ ಆ ಮನೆಯ ಉಡಿಗೆ ತಿರುಗುತ್ತಿರುತ್ತವೆ, ಅಷ್ಟೇ. ಒಂದು ಹೋದರೆ ಏನಂತೆ ಎಂದು ಮೇಲಿದ್ದದ್ದನ್ನು ತೆಗೆದು ಹರಿದು ಕಟ್ಟಿದೆ. ಅಚ್ಚುಕಟ್ಟಾಗಿ ಕಟ್ಟಿದೆ. ಅದು ಕೆಂಪು ಪೀಸು.

ದಿನವೂ ಕೋಳಿಯನ್ನು ಬುಟ್ಟಿಯ ಕೆಳಗೆ ಬೇರೆ ಇಡುತ್ತಿದ್ದೆ. ಅವತ್ತು ಬುಟ್ಟಿಯೊಳಗಿಂದ ಕೊರ್ ಕೊರ್ ಎನ್ನುತ್ತಿದ್ದುದನ್ನು ಕೇಳಿ ಕನಿಕರ ಬಂತು. ಸ್ವಲ್ಪ ಬಿಸಿಲು ಕಾಯಲಿ ಎಂದು ಉಳಿದವುಗಳ ಜೊತೆ ಬಿಟ್ಟು ಶಾಲೆಗೆ ಹೋದೆ.

ಕೆಂಪು ಕಂಡಲ್ಲಿ ಕೋಳಿಗಳು ಕುಕ್ಕುತ್ತವೆ. ಇದು ನನಗೆ ಮಧ್ಯಾಹ್ನ ಗೊತ್ತಾಯಿತು. ಆರೂ ಸೇರಿ ಬಟ್ಟೆಯನ್ನು ಕುಕ್ಕಿ ಹರಿದಿದ್ದವು, ಆಮೇಲೆ ಗಾಯವನ್ನು, ಆಮೇಲೆ ಒಳಗಿನದನ್ನು. ನಾನು ಎತ್ತಿಕೊಂಡಾಗ ಇನ್ನೂ ಬಿಸಿ ಇತ್ತು. ಕಣ್ಣು ಅರ್ಧ ತೆರೆದಿತ್ತು. ಸ್ವಲ್ಪ ಹೊತ್ತಿನಲ್ಲಿ ಮುಚ್ಚಿತು. ಹಿತ್ತಲಿನ ಬೇವಿನ ಬುಡದಲ್ಲಿ ಹೂತು ಬಂದು ಕೈ ತೊಳೆಯುತ್ತಿದ್ದಾಗ ದೊಡ್ಡವ್ವನ ಫೋನು ಬಂತು. ಮರುದಿನ ಆಕೆಯ ಆಪರೇಷನ್ನು.

ನನ್ನ ಪೇಷಂಟು ಹೇಗಿದೆ ಎಂದಳು. ಏನು ಹೇಳಲಿ? ಗಾಯ ಒಣಗುತ್ತಿದೆ ಎಂದೆ. ನೀರು ಸೋರುತ್ತದೆಯೇ ಎಂದಳು, ಇಲ್ಲ ಎಂದೆ. ವಾಸನೆ? ಇಲ್ಲ. ಅಂಚು ಯಾವ ಬಣ್ಣಕ್ಕೆ ಬಂದಿದೆ? ಗುಲಾಬಿ ಎಂದೆ. ಹೊಸ ಚರ್ಮ ಹೀಗೆಯೇ ಬರುತ್ತದೆ ಎಂದು ಪಾಠದ ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದೆ. ಸತ್ತ ಕೋಳಿಯ ಗಾಯವನ್ನು ನನ್ನಷ್ಟು ಚೆನ್ನಾಗಿ ಗುಣಪಡಿಸಿದವರು ಈ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ! ದೊಡ್ಡವ್ವ ಎಲ್ಲ ಕೇಳಿ ಹೂಂ ಎಂದು ಫೋನಿಟ್ಟಳು. ಆಮೇಲೆ ದಿನವೂ ಫೋನು ಬಂತು, ಕೋಳಿಯ ವಿಷಯ ಬರಲಿಲ್ಲ.

ಎಂಟು ದಿನಗಳ ಮೇಲೆ ಒಂದು ಬೆರಳು ಕಳೆದುಕೊಂಡು ದೊಡ್ಡವ್ವ ಮನೆಗೆ ಬಂದಳು. ಆಟೋ ಇಳಿದವಳು ಹಿತ್ತಲ ಕಡೆಗೆ ನೋಡಲೇ ಇಲ್ಲ. ದಿನವೂ ಪಟ್ಟಿ ಬದಲಿಸಬೇಕೆಂದು ಡಾಕ್ಟರು ಹೇಳಿದ್ದರಂತೆ. ಮನೆಗೆ ಬರಲು ಒಬ್ಬ ನರ್ಸಮ್ಮನನ್ನು ಹೆಂಡತಿ ಗೊತ್ತು ಮಾಡಿದ್ದಳು. ದೊಡ್ಡವ್ವ ಬೇಡವೆಂದು ಕೈಯಾಡಿಸಿ, ಮಂಚದ ಮೇಲೆ ಕುಳಿತು, ನನ್ನನ್ನು ಕೆಳಗೆ ಕೂರಿಸಿ, ಆ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟಳು.

ನನಗೆ ತಡೆಯಲಾಗಲಿಲ್ಲ. "ದೊಡ್ಡವ್ವಾ, ಆ ಕೋಳಿ..." ಎಂದೆ.

"ಗೊತ್ತದ. ಅಷ್ಟು ವಯಸ್ಸಾದ ಜೀವದ ಗಾಯ ಮೂರು ದಿನದಾಗ ಗುಲಾಬಿ ಆಗಂಗಿಲ್ಲೋ ತಮ್ಮಾ. ಹೆಂಗ ಸತ್ತಳು?"

ಕೆಂಪು ಪೀಸು, ಬಿಸಿಲು, ಆರು ಕೋಳಿ, ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬಂತು, ಆಕೆಯ ಕಾಲು ಹಿಡಿದಿದ್ದರಿಂದ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಈಗ ಬೈಯುತ್ತಾಳೆ, ಬೈದರೆ ಸಾಕು ಎಂದು ಕಾದೆ.

"ಬಿಳಿ ಬಟ್ಟೀನ ಕಟ್ಟಬೇಕಂತ ನಾ ಹೇಳಬೇಕಿತ್ತು," ಎಂದಳು. "ತಪ್ಪು ಕಲಿಸಿದಾಕಿದು. ನೀ ಇದನ್ನ ಕಟ್ಟು."

ಆಕೆಯ ಪ್ರಾಣದಂತಿದ್ದ ಕೋಳಿಯನ್ನು ಕೊಂದ ಕೈಗೆ ಆಕೆ ತನ್ನ ಕಾಲು ಕೊಟ್ಟಿದ್ದಳು. ನಾನು ಹಳೆಯ ಪಟ್ಟಿ ಬಿಚ್ಚಿ, ಬೆರಳಿಲ್ಲದ ಜಾಗವನ್ನು ಬೆಚ್ಚಗಿನ ನೀರಿನಿಂದ ತೊಳೆದೆ. ಮುಖ ತಿರುಗಿಸಲಿಲ್ಲ. ಔಷಧಿ ಇಟ್ಟು, ಸುತ್ತಿ, ಗಂಟು ಹಾಕಿ, ಬಿಗಿಯಾಯಿತೇ ಎಂದು ಕೇಳಿದೆ.

"ಆತು. ಬಿಚ್ಚಿ ಮತ್ತ ಕಟ್ಟು. ನನಗೇನ ಅವಸರ ಇಲ್ಲ."

ನಾನು ಬಿಚ್ಚಿ, ಮೊದಲಿನಿಂದ ಕಟ್ಟತೊಡಗಿದೆ.