ರೊಟ್ಟಿ ಗಾಡಿಯ ನಿದ್ದೆಗೆಟ್ಟ ರೇಡಿಯೋ

೧. ದಾರಿ

"ಬೆಳವಣಕಿಗೆ ಇದ ದಾರಿ ಏನ್ರಿ?" ಎಂದು ನಾನು ಕೇಳಿದಾಗ ನನ್ನ ಸ್ಕೂಟರಿನ ಮುಂದಿನ ಗಾಲಿ ಚಿಕ್ಕನರಗುಂದದ ಆಚೆ ಯಾರದೋ ಕಡಲೆ ಹೊಲದಲ್ಲಿತ್ತು. ಇಂಥವು ನನಗೆ ಆಗುತ್ತಲೇ ಇರುತ್ತವೆ, ಅದೂ ಸರತಿಯಲ್ಲಿ ನಿಂತು ಬಂದ ಹಾಗೆ. ಬದುವಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದ ಹಿರಿಯರೊಬ್ಬರು ಕೈಯಲ್ಲಿದ್ದ ಉಳ್ಳಾಗಡ್ಡಿ ಕೆಳಗಿಟ್ಟು ನನ್ನನ್ನು ಪೂರ್ತಿ ನೋಡಿದರು.

"ಇತ್ತಾಗ ಬಾ ಅಂತ ಫೋನ್ ಹೇಳೇತೇನು?"

"ಹೌದ್ರಿ."

"ಹಿಂದಕ್ಕೂ ಒಬ್ಬಾಂವಗ ಹೇಳಿತ್ತು. ಅವನ ಕಾರ ಟ್ರ್ಯಾಕ್ಟರ್ ಹಚ್ಚಿ ಎಳದ್ವಿ. ಬರ್ರಿ, ಮೊದಲ ಒಂದ ತುತ್ತು ಉಣ್ರಿ."

ಅವಸರವಿದೆ, ಪಿಕಪ್ ಗಾಡಿಯೊಂದರ ರೇಡಿಯೋದಲ್ಲಿ ದೋಷ ಹುಡುಕಬೇಕು ಎಂದೆ. ಅವರು ಗಾಲಿಗೆ ಮೆತ್ತಿದ ಎರೆಮಣ್ಣು ನೋಡಿದರು, ನನ್ನನ್ನು ನೋಡಿದರು.

"ಇಷ್ಟು ದೊಡ್ಡ ಊರ ಸಿಗವಲ್ದು. ರೇಡಿಯೋದಾಗಿನ ದೋಷ ಹ್ಯಾಂಗ ಸಿಗತೈತವಾ?"

೨. ಅಮಾವಾಸ್ಯೆ ನೀರು

ನರಗುಂದದಲ್ಲಿ ಕೋಣೆ ಹಿಡಿದು, ರೋಣ, ಗಜೇಂದ್ರಗಡ ಎಂದು ತಿರುಗುತ್ತ ಗಾಡಿಗಳ ಕರೆಂಟಿನ ರೋಗ ನೋಡುವುದು ನನ್ನ ಈಗಿನ ಉದ್ಯೋಗ. ದುಬೈಯಲ್ಲಿ ಮರಳು ಹೊಕ್ಕ ರೇಡಿಯೋ ನೋಡಿದ್ದೇನೆ, ನೈರೋಬಿಯಲ್ಲಿ ಇರುವೆ ಸಂಸಾರ ಹೂಡಿದ್ದನ್ನೂ ನೋಡಿದ್ದೇನೆ. ಒಂದೇ ಊರಲ್ಲಿ ಬಹಳ ದಿನ ಕೂತರೆ ನನಗೆ ಕಾಲು ಕಡಿಯುತ್ತದೆ.

ಈಗಿನ ಗಾಡಿಗಳಲ್ಲಿ ರೇಡಿಯೋ ಎಂದರೆ ಬರೀ ಹಾಡಿನ ಡಬ್ಬಿಯಲ್ಲ. ಹಿಂದಿನ ಕ್ಯಾಮೆರಾ, ಫೋನು, ಬಾಗಿಲು ಎಲ್ಲದರ ಜೊತೆಗೂ ಅದರ ಮಾತುಕತೆ ನಡೆದಿರುತ್ತದೆ. ಕೀಲಿ ತೆಗೆದ ಮೇಲೆ ಎಲ್ಲವೂ ಮಲಗಬೇಕು. ಒಂದು ಮಲಗದಿದ್ದರೆ ಉಳಿದವೂ ಎದ್ದು ಕೂತು ಬೆಳಗಾಗುವುದರೊಳಗೆ ಬ್ಯಾಟರಿ ತಿಂದು ಮುಗಿಸುತ್ತವೆ.

ಬೆಳವಣಕಿಯ ಗಾಡಿ ರೊಟ್ಟಿಯದು. ಅಕ್ಕ ಒಬ್ಬರು ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಮಾಡಿಸುತ್ತಾರೆ. ಅವರ ಗಂಡನೇ ಡ್ರೈವರ್. ಬೆಳಗಿನ ರೊಟ್ಟಿಯೆಲ್ಲ ಗಜೇಂದ್ರಗಡದ ಒಂದು ಹಾಸ್ಟೆಲಿಗೆ. ರೇಡಿಯೋ ಕೆಟ್ಟಾಗಿನಿಂದ ಗಾಡಿ ಬೆಳಿಗ್ಗೆ ಏಳದೆ ರೊಟ್ಟಿ ತಡವಾಗುತ್ತಿತ್ತು. ಇನ್ನೊಮ್ಮೆ ತಡವಾದರೆ ಬೇರೆಯವರ ಹತ್ತಿರ ತರಿಸುತ್ತೇವೆ ಎಂದು ಹಾಸ್ಟೆಲಿನವರು ಹೇಳಿಬಿಟ್ಟಿದ್ದರು. ಹಾಸ್ಟೆಲು ಕೈಬಿಟ್ಟರೆ ಅಷ್ಟೂ ಹೆಂಗಸರ ಕೆಲಸ ಹೋದಂತೆ.

ರೇಡಿಯೋ ಹೊರಗೆಳೆದೆ. ಹಿಂದಿನ ಪಿನ್ನುಗಳೆಲ್ಲ ಹಸಿರುಗಟ್ಟಿ ಅಂಟಂಟಾಗಿದ್ದವು. ಒಂದು ತೆಂಗಿನ ನಾರೂ ಸಿಕ್ಕಿತು.

"ಇದರಾಗ ನೀರು ಹ್ಯಾಂಗ ಹೋತ್ರಿ?"

ಡ್ರೈವರ್ ಅಭಿಮಾನದಿಂದ ಹೇಳಿದರು: "ಅಮಾಸಿ ಪೂಜಿರಿ. ಎಲ್ಲಾರೂ ಗಾಡಿ ಮುಂದ ಕಾಯಿ ಒಡದು ಗಾಲಿಗೆ ನೀರು ಬಿಡ್ತಾರ. ಈ ಗಾಡಿ ಮಿದುಳು ರೇಡಿಯೋದಾಗ ಐತಿ ಅಂತ ಶೋರೂಮಿನಾಂವ ಹೇಳಿದ್ದ. ಅದಕ್ಕ ರೇಡಿಯೋಕ್ಕೂ ಒಂದೀಟು ಕುಡಿಸೀನಿ."

ಅಕ್ಕ ಹಿಟ್ಟು ನಾದುತ್ತಲೇ ಅಂದರು: "ನನಗ ಒಂದ ಅಮಾಸಿಗೂ ಕುಡಿಸಿಲ್ಲ."

೩. ಹಾಡು ಕೇಳುವವರು

ಪಿನ್ನು ತಿಕ್ಕಿ, ಒಣಗಿಸಿ, ನನ್ನ ಯಂತ್ರ ಹಚ್ಚಿ ಪರೀಕ್ಷೆ ಮಾಡಿ, ಇನ್ನು ನಿಶ್ಚಿಂತೆಯಿಂದ ಇರಿ ಎಂದು ಹೇಳಿ, ರೊಟ್ಟಿ ಝುಣಕ ಉಂಡು ಬಂದೆ. ಮರುದಿನ ಬೆಳಿಗ್ಗೆ ಅಕ್ಕನ ಫೋನು.

"ಮೇಡಂ, ರೇಡಿಯೋ ಭಾಳ ಚಲೋ ಹಾಡ್ತೈತ್ರಿ. ಗಾಡಿ ಅಷ್ಟ ಏಳವಲ್ದು."

ರೊಟ್ಟಿ ಮಾಡುವ ಹೆಂಗಸರೆಲ್ಲ ಹಿಟ್ಟಿನ ಕೈಯಲ್ಲೇ ಗಾಡಿಯನ್ನು ಓಣಿಯ ತುದಿತನಕ ದೂಡಿ ಚಾಲೂ ಮಾಡಿಸಿದ್ದರು. ರೊಟ್ಟಿ ಹೇಗೋ ವೇಳೆಗೆ ಮುಟ್ಟಿತ್ತು. ನಾನು ಓಡಿದೆ. ರೇಡಿಯೋ, ಅದರ ವೈರು ಎಲ್ಲ ನೋಡಿದೆ, ಏನೂ ಸಿಗಲಿಲ್ಲ. ಸಿಗಲಿಲ್ಲ ಎನ್ನಲು ನಾಚಿಕೆ. ಅಷ್ಟೂ ಹೆಂಗಸರ ಎದುರು ತಿಳಿದವಳ ದನಿಯಲ್ಲಿ, "ರಾತ್ರಿ ಯಾರೋ ಗಾಡಿಯಲ್ಲಿ ಕೂತು ಹಾಡು ಕೇಳುತ್ತಿದ್ದಾರೆ" ಎಂದೆ.

ರೊಟ್ಟಿ ಬಡಿಯುವ ಸಪ್ಪಳ ಒಮ್ಮೆಲೇ ನಿಂತಿತು. ಅಕ್ಕ ಗಂಡನ ಕಡೆ ತಿರುಗಿದರು.

"ಯಾರ ಕೂಡ?"

"ಯಾರ ಕೂಡನೂ ಇಲ್ಲ ಮಾರಾಯ್ತಿ. ರೊಟ್ಟಿ ಮುಟ್ಟಿ ಹೇಳ್ತೀನಿ."

ಅಕ್ಕ ನನ್ನನ್ನು ಕೇಳಿದರು: "ಖರೇ ಹೇಳ್ರಿ ಮೇಡಂ. ಒಬ್ಬನ ಕುಂತು ಕೇಳಿದ್ರ ಇಷ್ಟು ಬ್ಯಾಟರಿ ಹೋಗ್ತೈತೇನು?"

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. "ಅದು ದನಿ ಎಷ್ಟು ಇಟ್ಟಿರುತ್ತಾರೆ ಅನ್ನುವುದರ ಮೇಲೆ" ಎಂದೆ.

ಆ ರಾತ್ರಿ ಡ್ರೈವರರ ಹಾಸಿಗೆ ಕಟ್ಟೆಗೆ ಬಂತು. ಬೆಳಿಗ್ಗೆ ಗಾಡಿಯೂ ಏಳಲಿಲ್ಲ, ಸೊಳ್ಳೆ ಕಡಿಸಿಕೊಂಡು ಆಗತಾನೇ ಕಣ್ಣು ಹತ್ತಿದ್ದ ಡ್ರೈವರೂ ಏಳಲಿಲ್ಲ. ಹೆಂಗಸರು ಇಬ್ಬರನ್ನೂ ದೂಡಿದರು.

೪. ಔಷಧಿ

ಹಟ ಬಂತು. ರೇಡಿಯೋವನ್ನೇ ಕಿತ್ತು ಚೀಲಕ್ಕೆ ಹಾಕಿಕೊಂಡು ನರಗುಂದಕ್ಕೆ ತಂದೆ. ಈಗ ಹೇಗೆ ಬ್ಯಾಟರಿ ತಿನ್ನುತ್ತದೆ ನೋಡೋಣ ಎಂದು ಸುಖವಾಗಿ ಮಲಗಿದೆ. ಬೆಳಿಗ್ಗೆ ಡ್ರೈವರರ ಫೋನು, ಬಹಳ ಮರ್ಯಾದೆಯ ದನಿ.

"ಮೇಡಂ, ರೇಡಿಯೋ ನಿಮ್ಮ ಮನಿಯಾಗ ಐತಿ. ಬ್ಯಾಟರಿ ನಮ್ಮ ಮನಿಯಾಗ ಸತ್ತೈತಿ. ಅದು ಅಲ್ಲಿಂದನ ಹೀರ್ತೈತೇನ್ರಿ?"

ಅಂದೂ ಹೆಂಗಸರೇ ದೂಡಿ ವೇಳೆಗೆ ಕಳಿಸಿದ್ದ ಗಾಡಿ ಗಜೇಂದ್ರಗಡದಿಂದ ಮರಳುವಷ್ಟರಲ್ಲಿ ನಾನು ಬೆಳವಣಕಿಯಲ್ಲಿದ್ದೆ. ತಲೆ ಕೆಳಗೆ ಮಾಡಿ ಸ್ಟೀರಿಂಗಿನ ಅಡಿಗೆ ಟಾರ್ಚು ಬಿಟ್ಟೆ. ಅಲ್ಲೊಂದು ನೀಲಿ ದೀಪ ಮಿಣುಕುತ್ತಿತ್ತು. ದೀಪದ ಡಬ್ಬಿಗೆ ವಿಭೂತಿಯ ಪಟ್ಟೆ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವಿನ ಎಸಳು.

ಅದು ನನ್ನದೇ ಪರೀಕ್ಷೆಯ ಯಂತ್ರ. ಮೊದಲ ದಿನ ಸಿಕ್ಕಿಸಿ, ರೊಟ್ಟಿಯ ಆಸೆಯಲ್ಲಿ ತೆಗೆಯುವುದನ್ನೇ ಮರೆತಿದ್ದೆ. ಮನೆಯಲ್ಲಿ ಅಂಥದೇ ಇನ್ನೊಂದು ಇದ್ದುದರಿಂದ ಕಳೆದದ್ದೂ ಗೊತ್ತಾಗಿರಲಿಲ್ಲ. ಇದು ರಾತ್ರಿಯೆಲ್ಲ ಗಾಡಿಯ ಒಂದೊಂದೇ ಭಾಗವನ್ನು ಎಬ್ಬಿಸಿ "ಆರಾಮ ಇದ್ದೀರಾ" ಎಂದು ಕೇಳುತ್ತ ಕೂತಿತ್ತು.

"ಇದಕ್ಕ ವಿಭೂತಿ ಯಾಕ ಹಚ್ಚೀರಿ?" ಸ್ಟೀರಿಂಗಿನ ಅಡಿಯಿಂದಲೇ ಡ್ರೈವರರನ್ನು ಕೇಳಿದೆ.

"ನೀವ ಇಟ್ಟ ಔಷಧಿ ಅಂತ ಮಾಡಿದ್ನಿರಿ. ನಮ್ಮ ಗಾಡಿ ಕಾಯಪಾ ಅಂತ ದಿನಾ ಕೈ ಮುಗೀತಿದ್ದೆ. ಪಾಪ, ಕಣ್ಣು ಮುಚ್ಚಲಾರದ ಕಾಯ್ತಿತ್ತು."

ಮೆಲ್ಲಗೆ ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಅಕ್ಕ ಬಾಗಿಲಲ್ಲೇ ನಿಂತಿದ್ದರು.

"ಅದು ಯಾರದ್ರಿ?"

"ನಂದ."

ಅಕ್ಕ ಗಂಡನ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದರು. "ಹಂಗಾರ ಇಷ್ಟು ದಿನ ರಾತ್ರಿ ಗಾಡ್ಯಾಗ ಇದ್ದಾಕಿ ನೀವ ಅಂದಂಗಾತು."

೫. ಮುಯ್ಯಿ

ಚೀಲದಲ್ಲಿದ್ದ ರೇಡಿಯೋವನ್ನು ಮತ್ತೆ ಅದರ ಜಾಗಕ್ಕೆ ಕೂಡಿಸಿದೆ. ಮರುದಿನ ಗಾಡಿ ಒಂದೇ ತಿರುವಿಗೆ ಎದ್ದಿತು. ಹಿಂದೆ ಕೈ ಊರಿ ತಯಾರಾಗಿ ನಿಂತಿದ್ದ ಹೆಂಗಸರು ಮುಂದಕ್ಕೆ ಮುಗ್ಗರಿಸಿದರು. ರೊಟ್ಟಿ ವೇಳೆಗೆ ಮೊದಲೇ ಮುಟ್ಟಿತು. ಇನ್ನು ಮುಂದೆಯೂ ನಿಮ್ಮದೇ ರೊಟ್ಟಿ ಎಂದು ಹಾಸ್ಟೆಲಿನವರು ಹೇಳಿ ಕಳಿಸಿದರು.

ನಾನು ನನ್ನ ಕೂಲಿ ಬೇಡ ಎಂದೆ. ಅಕ್ಕ, "ಅದು ಹ್ಯಾಂಗೂ ಕೊಡ್ತಿದ್ದಿಲ್ಲ ಬಿಡ್ರಿ. ನಿಮ್ಮ ಮ್ಯಾಲ ಮುಯ್ಯಿ ಐತಿ" ಎಂದರು.

ಒಬ್ಬರ ಹೊಲದ ಕೆಲಸಕ್ಕೆ ನೀವು ಹೋದರೆ ನಿಮ್ಮ ಹೊಲಕ್ಕೆ ಅವರು ಬರಬೇಕು, ಅದು ಮುಯ್ಯಿ. ಮೈಮುರಿದು ಮಾಡಿದ್ದನ್ನು ಮೈಮುರಿದೇ ತೀರಿಸಬೇಕು, ರೊಕ್ಕ ನಡೆಯುವುದಿಲ್ಲ. ರೊಟ್ಟಿ ಬಡಿದು ತೀರಿಸುತ್ತೇನೆ ಎಂದು ಕೂತೆ. ನನ್ನ ಮೊದಲ ರೊಟ್ಟಿಯನ್ನು ಅಕ್ಕ ಎತ್ತಿ ನೋಡಿ, ಅದರ ತೂತಿನೊಳಗಿಂದ ನನ್ನನ್ನೂ ನೋಡಿದರು.

"ಜ್ವಾಳ ನಿಮಗೇನ ಮಾಡೇತ್ರಿ? ಏಳ್ರಿ. ನಾವು ಗಾಡಿ ದೂಡೀವಿ, ನೀವೂ ದೂಡ್ರಿ."

"ಗಾಡಿ ಈಗ ಚಾಲೂ ಆಗತೈತಲ್ರಿ."

"ಬಂದ್ ಮಾಡ್ತೀವಿ."

ಹಾಗೆ, ನೆಟ್ಟಗೆ ನಡೆಯುವ ಗಾಡಿಯನ್ನು ಬಂದ್ ಮಾಡಿ ಓಣಿಯ ನಡುವೆ ನಿಲ್ಲಿಸಿದರು. ಸ್ಟೀರಿಂಗಿಗೆ ಡ್ರೈವರ್. ಪಕ್ಕದ ಸೀಟಿಗೆ ಸೆರಗು ಸರಿಮಾಡಿಕೊಂಡು ಅಕ್ಕ ಹತ್ತಿದರು. ರೇಡಿಯೋ ಹಚ್ಚಿಸಿದರು, ದನಿ ಪೂರ್ತಿ. ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕೂತು, "ಸೊಂಟ ಬಗ್ಗಿಸ್ರಿ ಮೇಡಂ, ದುಬೈದಾಗ ಹಿಂಗ ದೂಡ್ತಾರೇನು" ಎನ್ನುತ್ತಿದ್ದರು. ಮುಖ ಕೆಂಪಾಗಿದ್ದು ದೂಡಿದ್ದಕ್ಕೆ ಎಂದು ಅವರು ತಿಳಿದರೆ ಸಾಕು ಎಂದುಕೊಂಡು ತಲೆ ತಗ್ಗಿಸಿ ದೂಡಿದೆ.

ಓಣಿಯ ತುದಿ ಹತ್ತಿರ ಬರುವಾಗ, ಬೇಗ ಮುಗಿದುಹೋಗಲಿ ಎಂದು ಜೋರು ಮಾಡಿದೆ. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂದರು:

"ಸಾವಕಾಶ ದೂಡ್ರಿ ಮೇಡಂ. ನಮ್ಮವರ ಕೂಡ ಕುಂತು ಇದೊಂದ ಹಾಡು ಪೂರ್ತಿ ಕೇಳ್ತೀನಿ."