ಎಲೆಯಡಿಕೆಯ ಜೊತೆ ಕೊಟ್ಟ ಸಾಬೂನು

ಇನ್ನೊಬ್ಬರನ್ನು ಪ್ರಶ್ನೆ ಕೇಳುವುದೆಂದರೆ ನನಗೆ ಮೊದಲಿನಿಂದಲೂ ಸಂಕೋಚ. ದಾರಿ ತಪ್ಪಿದರೂ ಯಾರನ್ನೂ ಕೇಳದೆ, ಇನ್ನಷ್ಟು ತಪ್ಪಿ, ಹೋಗಬೇಕಾದ ಮದುವೆ ಬಿಟ್ಟು ಬೇರೆ ಯಾರದೋ ಮದುವೆಯಲ್ಲಿ ಊಟ ಮಾಡಿ ಬಂದವನು ನಾನು. ಇಂಥವನನ್ನು ಹುಡುಕಿ ತೆಗೆದು ಪ್ರಶ್ನೆ ಕೇಳುವ ಕೆಲಸಕ್ಕೇ ಮುಖ್ಯಸ್ಥನನ್ನಾಗಿ ಮಾಡಿದ ಒಂದು ಕಂಪನಿ ಇತ್ತು. ವಿಲಾಯತಿಯ ಸಾಬೂನು ಕಂಪನಿ. ಭೂಮಿಯ ಮೇಲೆ ಮನುಷ್ಯರು ಸ್ನಾನ ಮಾಡುವ ಕಡೆಯಲ್ಲೆಲ್ಲ ಅದರ ಆಫೀಸು ಇತ್ತಂತೆ. ನಮ್ಮ ಪಾಲಿಗೆ ಮಾತ್ರ ಮದ್ರಾಸಿನ ಆಫೀಸೇ ಕೊನೆ, ಅಲ್ಲಿ ಕೂತ ದೊರೆಯ ಮಾತೇ ಮಾತು. ಕೊಳ್ಳುವವರಿಗೆ ನಮ್ಮ ಸಾಬೂನು ಹೇಗನ್ನಿಸಿತು ಎಂದು ತಿಳಿದು ಮದ್ರಾಸಿಗೆ ಬರೆಯುವುದು ನನ್ನ ಕೆಲಸ.

ಮುಖ್ಯಸ್ಥನೆಂದ ಕೂಡಲೇ ನೀವು ದೊಡ್ಡ ಕಚೇರಿಯನ್ನು ಊಹಿಸಿಕೊಳ್ಳಬೇಡಿ. ನನ್ನ ಕೈಕೆಳಗೆ ಇದ್ದವರು ಇಬ್ಬರು. ರಾಯದುರ್ಗದಲ್ಲಿ ವೀರಭದ್ರಪ್ಪನವರು, ಮಡಕಶಿರದಲ್ಲಿ ನರಸಿಂಹಯ್ಯ. ನಾನಿದ್ದದ್ದು ರಾಯದುರ್ಗದಲ್ಲಿ. ಅಲ್ಲಿಂದ ಮಡಕಶಿರಕ್ಕೆ ಹೋಗಬೇಕಾದರೆ ರೈಲು, ಮೋಟಾರು, ಜಟಕಾ ಎಲ್ಲವನ್ನೂ ಹತ್ತಿ ಇಳಿಯಬೇಕಾಗಿತ್ತು. ತಲುಪುವ ಹೊತ್ತಿಗೆ ನನ್ನ ಮೈಮೇಲಿನ ಧೂಳು ನೋಡಿದವರು ಈತ ಸಾಬೂನು ಕಂಪನಿಯವನೆಂದರೆ ನಂಬುತ್ತಿರಲಿಲ್ಲ.

ನಮ್ಮ ಹಳೆಯ ಪದ್ಧತಿ ಬಹಳ ಸುಖದ್ದು. ಪೇಟೆಯ ಅಂಗಡಿಯ ಗಾದಿಯ ಮೇಲೆ ಕೂತು, ಶೆಟ್ಟರು ತರಿಸಿಕೊಟ್ಟ ಮಜ್ಜಿಗೆ ಕುಡಿದು, "ಹೆಂಗೈತ್ರಿ ವ್ಯಾಪಾರ?" ಎನ್ನುವುದು. ಅವರು "ನಡೀತೈತ್ರಿ" ಎನ್ನುವರು. ನಾವು ಅದನ್ನೇ 'ಗ್ರಾಹಕರು ಪರಮ ಸಂತುಷ್ಟರು' ಎಂದು ಇಂಗ್ಲಿಷಿನಲ್ಲಿ ಬರೆದು ಟಪಾಲಿಗೆ ಹಾಕುವೆವು. ವರ್ಷಗಟ್ಟಲೆ ಹೀಗೇ ನಡೆಯಿತು. ಆದರೆ ಸಾಬೂನಿನ ಪೆಟ್ಟಿಗೆಗಳು ಮಾರಾಟವಾಗದೆ ವಾಪಸು ಮದ್ರಾಸಿಗೆ ಹೋಗತೊಡಗಿದವು. ಹೊಸದಾಗಿ ಬಂದಿದ್ದ ದೊರೆ ನನ್ನನ್ನು ಕರೆಸಿಕೊಂಡ. ಇಷ್ಟು ಸಂತೋಷವಾಗಿರುವ ಜನ ಸಾಬೂನು ಯಾಕೆ ಕೊಳ್ಳುವುದಿಲ್ಲ ಎಂದು ಬಹಳ ಮೃದುವಾಗಿ ಕೇಳಿದ. ಇನ್ನು ಮುಂದೆ ಅಂಗಡಿ ಬಿಡಿ, ಮನೆಮನೆಗೆ ಹೋಗಿ ಹಚ್ಚಿಕೊಳ್ಳುವವರನ್ನೇ ಕೇಳಿ. ಯುಗಾದಿಯೊಳಗೆ ನಿಜ ಗೊತ್ತಾಗದಿದ್ದರೆ ನಿಮ್ಮ ವಿಭಾಗ ಮುಚ್ಚಿ ನಿಮ್ಮನ್ನು ಇಲ್ಲಿಯ ಬಂದರಿನ ಗೋದಾಮಿಗೆ ಹಾಕುತ್ತೇನೆ ಎಂದ. ನನಗೆ ಭಯವಾಯಿತು. ಇಬ್ಬರ ಅನ್ನಕ್ಕೆ ಕಲ್ಲು ಬೀಳುತ್ತದೆ ಎನ್ನುವುದು ಒಂದು. ನನ್ನ ಹೆಂಡತಿ ಶಾರದೆಗೆ ಮದ್ರಾಸಿನ ಸೆಖೆ ಆಗುವುದಿಲ್ಲ ಎನ್ನುವುದು ಇನ್ನೊಂದು. ಅವಳಿಗೋಸ್ಕರವಾದರೂ ಈ ವರ್ಗಾವಣೆ ತಪ್ಪಿಸಲೇಬೇಕೆಂದು ರೈಲಿನಲ್ಲಿಯೇ ನಿರ್ಧಾರ ಮಾಡಿದೆ.

ಹೊಸ ಪದ್ಧತಿಯನ್ನು ಜಾರಿಗೆ ತರುವುದು ಹೊಸ ಎತ್ತಿಗೆ ನೊಗ ಹೂಡಿದಂತೆ ಎಂದುಕೊಂಡಿದ್ದೆ. ನನ್ನ ಎತ್ತುಗಳು ಹಳೆಯವು. ವೀರಭದ್ರಪ್ಪನವರು ಹಣೆಯ ವಿಭೂತಿ ಮಾಸದಂತೆ ಬದುಕಿದ ಗೌರವಸ್ಥರು. ಎಲ್ಲ ಕೇಳಿಸಿಕೊಂಡು, "ಬರಿಗೈಲೆ ಮಂದಿ ಮನಿಗೆ ಹೋಗಿ ಹೆಣ್ಮಕ್ಕಳನ್ನ ಪ್ರಶ್ನೆ ಕೇಳಾಕ ನಾವೇನು ಪೊಲೀಸ್ರೇನ್ರಿ?" ಎಂದರು. ಮಾತು ನನಗೂ ಸರಿ ಕಂಡಿತು. ಹಾಗಾಗಿ ಹೋದ ಮನೆಯಲ್ಲೆಲ್ಲ ಎಲೆಯಡಿಕೆಯ ಮೇಲೆ ಒಂದು ಸಾಬೂನು ಇಟ್ಟು ಕೊಡುವುದು, ಎಂಟು ದಿನ ಬಿಟ್ಟು ಹೋಗಿ ಹೇಗಿದೆ ಎಂದು ಕೇಳುವುದು ಎಂದು ಗೊತ್ತುಮಾಡಿದೆವು. ಮಡಕಶಿರಕ್ಕೂ ಹೀಗೆಯೇ ಮಾಡಲು ಬರೆದೆ.

ತಾಂಬೂಲದ ಜೊತೆ ಬಂದ ವಸ್ತುವಿಗೆ ನಮ್ಮ ಸೀಮೆಯಲ್ಲಿ ಯಾವ ಗೃಹಿಣಿ ಕುಂದು ಹೇಳುತ್ತಾಳೆ? ಮಳೆಯಲ್ಲಿ ನೆನೆದ ಕಡಲೆ ಕೊಟ್ಟಿದ್ದರೂ ಛಲೋ ಐತ್ರಿ ಎನ್ನುತ್ತಿದ್ದರು. ಕೋಟೆಯ ಕೆಳಗಿನ ಬೀದಿಯಲ್ಲಿ ಕಟ್ಟೆಯ ಮೇಲೆ ಕೂತ ಅತ್ತೆ "ಭಾಳ ಛಲೋ ಐತ್ರಿ" ಎನ್ನುವರು, ಬಾಗಿಲ ಹಿಂದಿನಿಂದ ಸೊಸೆಯೂ "ಹೌದ್ರಿ" ಎನ್ನುವಳು. ನರಸಿಂಹಯ್ಯನಂತೂ ಅವರಿಗೆ ಆ ತೊಂದರೆಯೂ ಬೇಡವೆಂದು, "ಚೆನ್ನಾಗೈತೆ ಅಲ್ವೇನಮ್ಮ?" ಎಂದು ತಾನೇ ಕೇಳಿ ತಲೆಯಾಡಿಸಿಕೊಂಡು ಬರುತ್ತಿದ್ದ. "ಎಲ್ಲಾ ಮನೇಲೂ ಒಂದೇ ಮಾತು ಸ್ವಾಮಿ, ಒಬ್ರೂ ಆಚೆ ಈಚೆ ಹೋಗಾಕಿಲ್ಲ" ಎಂದು ನಾನು ಮಡಕಶಿರಕ್ಕೆ ಹೋದಾಗ ಹೆಮ್ಮೆಯಿಂದ ಹೇಳಿದ. ಜೊತೆಗೆ ಮನೆಯವರು ಕೊಟ್ಟ ಕಡಲೆಕಾಯಿ, ಹುಣಸೆಹಣ್ಣಿನ ಗಂಟುಗಳನ್ನು ಮುಂದಿಟ್ಟ. ನಾವು ಗ್ರಾಹಕರ ಮನಸ್ಸನ್ನು ಶೋಧಿಸುವವರಂತೆ ಕಾಣುತ್ತಿರಲಿಲ್ಲ, ಬೀಗರ ಮನೆಯಿಂದ ಬಂದವರಂತೆ ಕಾಣುತ್ತಿದ್ದೆವು. ಯುಗಾದಿ ಹತ್ತಿರ ಬರುತ್ತಿತ್ತು. ನನಗೆ ನಿದ್ದೆಯಲ್ಲೂ ಗೋದಾಮು ಕಾಣತೊಡಗಿತು.

ಕೋಟೆಯ ಕೆಳಗಿನ ಬೀದಿಯ ಆ ಅತ್ತೆ, ಗೌರಮ್ಮನವರು, ತಮ್ಮ ಮನೆಯಲ್ಲಿ ನನ್ನನ್ನು ಊಟಕ್ಕೆ ಎಬ್ಬಿಸಿದ ದಿನ ನನ್ನ ಅದೃಷ್ಟ ತೆರೆಯಿತು. ಕೈಗೆ ಮಸಿ ಹತ್ತಿತ್ತು, ಸ್ವಲ್ಪ ಸಾಬೂನು ಕೊಡಿ ಎಂದೆ. ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಿದಳು. ಬಚ್ಚಲಿಗೆ ಹೋಗಬೇಕಾದ ಸೊಸೆ ನಡುಮನೆಗೆ ಹೋಗಿ ಟ್ರಂಕು ತೆರೆದು, ರೇಷ್ಮೆ ಸೀರೆಗಳ ನಡುವಿನಿಂದ ನಮ್ಮ ಸಾಬೂನನ್ನು ತಂದಳು. ಮೇಲಿನ ಕಾಗದವನ್ನೂ ಬಿಚ್ಚಿರಲಿಲ್ಲ. ನಾನು ನಕ್ಕುಬಿಟ್ಟೆ. ಗೌರಮ್ಮನವರು ಗಾಬರಿಯಾಗಿ, "ನಮ್ಮದೇನಿಲ್ರಿ, ನಮಗ ಛಲೋನ ಐತಿ. ಪಕ್ಕದ ಮನಿಯವರು ಅಂತಿದ್ರು, ಈ ಸವಳು ನೀರಾಗ ನೊರೀನ ಬರಂಗಿಲ್ಲಂತ. ಎಷ್ಟು ತಿಕ್ಕಿದ್ರೂ ಮೈಗೆ ಜಿಡ್ಡು ಕೂಡತೈತಂತ. ಅದಕ್ಕ ವಾಸನಿ ಬರ್ಲಿ ಅಂತ ಸೀರಿ ಪೆಟಿಗ್ಯಾಗ ಇಟ್ಟಾರಂತ್ರಿ" ಎಂದರು.

ಆ ದಿನದಿಂದ ನಾವು ಯಾರನ್ನೂ 'ನಿಮಗೆ ಹೇಗಿದೆ' ಎಂದು ಕೇಳಲಿಲ್ಲ. ಪಕ್ಕದ ಮನೆಯವರು ಏನಂತಾರೆ ಎಂದಷ್ಟೇ ಕೇಳಿದೆವು. ಅಬ್ಬಾ, ಬಾಯಿಗೆ ಹಾಕಿದ್ದ ಬೀಗಗಳೆಲ್ಲ ಕಳಚಿಬಿದ್ದವು. ಮಡಕಶಿರದಲ್ಲಿ ಒಬ್ಬ ಅಜ್ಜಿ, "ನಮ್ದೇನಿಲ್ಲ ಸ್ವಾಮಿ, ಆಚೆ ಮನೆಯೋರು ಎಮ್ಮೆ ತೊಳ್ದು ನೋಡವ್ರೆ. ಎಮ್ಮೆಗೂ ಒಗ್ಗಲಿಲ್ವಂತೆ" ಎಂದಿತು. ಇದನ್ನೆಲ್ಲ ಮದ್ರಾಸಿಗೆ ಬರೆದೆ. ಹಾಗಾದರೆ ಆ ಪಕ್ಕದ ಮನೆಯವರನ್ನೇ ನೇರವಾಗಿ ಕೇಳಿ ಎಂದು ದೊರೆಯ ಉತ್ತರ ಬಂತು. ಕೇಳಿದೆವು. ಅವರಿಗೂ ಸಾಬೂನು ಛಲೋ ಇತ್ತು, ಅವರ ಪಕ್ಕದ ಮನೆಯವರಿಗೆ ಮಾತ್ರ ನೊರೆ ಬರುತ್ತಿರಲಿಲ್ಲ. ಹೀಗೆ ಬೀದಿಯ ಒಂದೊಂದೇ ಮನೆ ಹಿಡಿದು ಹೋದ ನಾವು ಒಂದು ಸುತ್ತು ಹಾಕಿ ಹಿಂಬದಿಯಿಂದ ಗೌರಮ್ಮನವರ ಮನೆಗೇ ಬಂದು ನಿಂತೆವು. ದೊರೆ ಜಾಣ. ಮತ್ತೆ ಪ್ರಶ್ನೆ ಕೇಳದೆ ನಮ್ಮ ಬಾವಿಯ ನೀರನ್ನು ತರಿಸಿಕೊಂಡ. ಕೆಲವು ತಿಂಗಳ ಮೇಲೆ ಸವಳು ನೀರಿನಲ್ಲೂ ನೊರೆ ಬರುವ ಹೊಸ ಸಾಬೂನು ಬಂತು. ಅದು ಟ್ರಂಕಿಗೆ ಅಷ್ಟು ಒಳ್ಳೆಯದಲ್ಲವೆಂದು ಪಕ್ಕದ ಮನೆಯವರು ಅಂದರಂತೆ, ಇರಲಿ. ವಿಭಾಗ ಉಳಿಯಿತು, ನನ್ನ ವರ್ಗಾವಣೆ ರದ್ದಾಯಿತು.

ರದ್ದಾದ ಸುದ್ದಿ ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತು ನನ್ನ ಸಾಹಸವನ್ನೆಲ್ಲ ಶಾರದೆಗೆ ವರ್ಣಿಸಿದೆ. ಗೋದಾಮು ತಪ್ಪಿತು, ಸೆಖೆ ತಪ್ಪಿತು, ಇನ್ನು ಈ ಊರು ಬಿಡುವ ಮಾತೇ ಇಲ್ಲ ಎಂದೆ. "ಹೆಂಗ, ಛಲೋ ಆತಿಲ್ಲೋ?"

"ಛಲೋ ಆತ್ರಿ" ಎಂದು ಅವಳು ರೊಟ್ಟಿ ಬಡಿಸಿದಳು.

ನನ್ನ ತುತ್ತು ಕೈಯಲ್ಲೇ ನಿಂತಿತು. ಆ ದನಿಯನ್ನು ನಾನು ಬೀದಿಬೀದಿಯಲ್ಲಿ ಕೇಳಿದ್ದೆ. "ಪಕ್ಕದ ಮನಿಯವರು ಏನಂತಾರ?" ಎಂದೆ.

ಶಾರದೆ ರೊಟ್ಟಿಯ ಬುಟ್ಟಿ ಕೆಳಗಿಟ್ಟು ನನ್ನ ಎದುರಿಗೆ ಕೂತಳು. "ಪಕ್ಕದ ಮನಿಯವರು ಅಂತಿದ್ರು, ನಿಮ್ಮ ಮನಿಯವರು ಊರ ಮಂದಿಗೆಲ್ಲ ಏನು ಬೇಕು ಏನು ಬ್ಯಾಡ ಅಂತ ಕೇಳ್ಕೋತ ತಿರಗತಾರ. ಕಟ್ಕೊಂಡ ಹೆಂಡ್ತಿಗೆ ಸಮುದ್ರ ನೋಡೂ ಆಸಿ ಐತೇನು ಅಂತ ಒಂದು ಮಾತು ಕೇಳಲಿಲ್ಲಂತ. ಮದ್ರಾಸಿಗೆ ಹೋಗೂದಾಗತೈತಿ ಅಂತ ಆಕಿ ಯಾವಾಗೋ ಸೀರಿ ಎಲ್ಲ ಮಡಚಿ ಇಟ್ಟಿದ್ದಳಂತ" ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ಪಕ್ಕದ ಮನೆಯವರು ದೊರೆ ನನ್ನನ್ನು ಕರೆಸಿಕೊಳ್ಳುವ ಮೊದಲೇ ಬಳ್ಳಾರಿಗೆ ಹೋದವರು, ಬಾಗಿಲಿಗೆ ಬೀಗ ಹಾಗೆಯೇ ಇತ್ತು. ಆ ಒಂದು ವರದಿಯನ್ನು ಮಾತ್ರ ನಾನು ಮದ್ರಾಸಿಗೆ ಕಳಿಸಲಿಲ್ಲ.